ಕ್ಯಾನ್ಸರ್ ಭಯಕ್ಕೆ ಗರ್ಭಕೋಶ ತೆಗೆಸೋದಾದರೆ, ಮೊದಲು ಕ್ಯಾನ್ಸರ್ ಇದೆಯಾ ನೋಡಿ

"ಬಿಟ್ರೆ ಕ್ಯಾನ್ಸರ್ ಆಗುತ್ತೆ, ತೆಗೆಸಿಬಿಡಿ." ಮುಟ್ಟಿನ ತೊಂದರೆ ಅಂತ ಹೋದ ನಮ್ಮ ಕೋಲಾರದ ಕಡೆಯ ನಲವತ್ತು ದಾಟಿದ ಹೆಂಗಸರಲ್ಲಿ ಎಷ್ಟೋ ಜನ ಈ ಮಾತು ಕೇಳಿಸಿಕೊಂಡು ಬಂದಿರುತ್ತಾರೆ. ಡಾಕ್ಟರ್ ಹೇಳದಿದ್ದರೆ ಓರಗಿತ್ತಿ ಹೇಳಿರುತ್ತಾಳೆ, ಅವಳು ಹೇಳದಿದ್ದರೆ ಬಸ್ಸಲ್ಲಿ ಪಕ್ಕ ಕೂತವರು. ಮಕ್ಕಳಾಯ್ತು, ಫ್ಯಾಮಿಲಿ ಪ್ಲಾನಿಂಗ್ ಆಪರೇಷನ್ನೂ ಆಯ್ತು, ಇನ್ನು ಅದು ಇದ್ದು ಏನು ಪ್ರಯೋಜನ ಅನ್ನೋದು ಮನೆಯವರ ಲೆಕ್ಕ. ಸರಿ, ತೆಗೆಸುತ್ತಾರೆ. ನನಗೆ ತಲೆಗೆ ಹೋಗದ ವಿಷಯ ಒಂದೇ. ಕ್ಯಾನ್ಸರ್ ಭಯಕ್ಕೇ ತೆಗೆಯೋದಾದರೆ, ತೆಗೆಯುವ ಮೊದಲು ಕ್ಯಾನ್ಸರ್ ಇದೆಯಾ ಅಂತ ಯಾಕೆ ನೋಡಲ್ಲ? ತೆಗೆದ ಮೇಲಾದರೂ ಅದನ್ನು ಬಯಾಪ್ಸಿಗೆ, ಅಂದರೆ ಮೈಕ್ರೋಸ್ಕೋಪಲ್ಲಿ ನೋಡೋ ಪರೀಕ್ಷೆಗೆ, ಯಾಕೆ ಕಳಿಸಲ್ಲ?

ನಾನು ಡಾಕ್ಟರ್ ಅಲ್ಲ. ಇಲ್ಲೇ ಒಂದು ಲ್ಯಾಬಲ್ಲಿ ಟೆಕ್ನಿಷಿಯನ್. ಆಪರೇಷನ್‌ನಲ್ಲಿ ತೆಗೆದ ತುಂಡುಗಳನ್ನು ಕೊಳೆಯದ ಹಾಗೆ ಕಾಪಾಡುವ ಫಾರ್ಮಲಿನ್‌ಗೆ ಹಾಕಿ, ಮೇಣದ ಬ್ಲಾಕ್ ಮಾಡಿ, ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಸ್ಲೈಡ್ ಮಾಡಿ ಅದನ್ನು ನೋಡಿ ಕಾಯಿಲೆ ಏನು ಅಂತ ಹೇಳುವ ಡಾಕ್ಟರ್, ನಮ್ಮ ಪೆಥಾಲಜಿಸ್ಟ್ ಮೇಡಂ ಮುಂದೆ ಇಡೋದು ನನ್ನ ಕೆಲಸ. ಹಾಗಾಗಿ ಇದನ್ನು ಚಿಕಿತ್ಸೆಯ ಸಲಹೆ ಅಂತ ಓದಬೇಡಿ. ಲ್ಯಾಬಿನ ಕಿಟಕಿಯಿಂದ ಕಾಣೋದನ್ನು, ಮೇಡಂ ಹೇಳಿಕೊಟ್ಟಿದ್ದನ್ನು, ನಾನು ಓದಿ ತಿಳಿದಿದ್ದನ್ನು ಬರೀತಿದ್ದೀನಿ.

ಗರ್ಭಕೋಶ ನಮ್ಮಲ್ಲಿಗೆ ಹೇಗೆಲ್ಲಾ ಬರುತ್ತೆ ಗೊತ್ತಾ? ಸರಿಯಾದ ಡಬ್ಬದಲ್ಲಿ ಬಂದರೆ ಪುಣ್ಯ. ಉಪ್ಪಿನಕಾಯಿ ಡಬ್ಬದಲ್ಲಿ ಬರುತ್ತೆ, ಲೇಬಲ್ ಕೂಡ ಕಿತ್ತಿರಲ್ಲ. ಕಪ್ಪು ಕವರಿನಲ್ಲಿ ಗಂಟು ಹಾಕಿಕೊಂಡು ತರುತ್ತಾರೆ. ತರೋದು ಗಂಡನೋ ಮಗನೋ ಅಳಿಯನೋ. ಥಿಯೇಟರ್ ಬಾಗಿಲಲ್ಲಿ ಸಿಸ್ಟರ್ ಟ್ರೇ ಹಿಡಿದು "ನೋಡಿ, ಎಷ್ಟು ಊದಿಕೊಂಡಿದೆ" ಅಂತ ತೋರಿಸಿರುತ್ತಾರೆ, ಇವರು ಅರೆ ಕಣ್ಣಲ್ಲಿ ನೋಡಿ ತಲೆ ಆಡಿಸಿರುತ್ತಾರೆ, ಆಮೇಲೆ ಡಬ್ಬ ಕೈಗೆ ಬಂದಿರುತ್ತೆ. ಅದನ್ನು ಕಾಲ ಹತ್ತಿರ ಇಟ್ಟುಕೊಂಡು ಮಟಮಟ ಮಧ್ಯಾಹ್ನ ಬಸ್ಸಲ್ಲಿ ಬರುತ್ತಾರೆ. ಮುಚ್ಚಳ ತೆಗೆದರೆ ಎಷ್ಟೋ ಸಲ ಒಳಗೆ ಫಾರ್ಮಲಿನ್ನೇ ಇರಲ್ಲ, ಬರೀ ಸಲೈನ್. ಸಲೈನಲ್ಲಿ ಇಟ್ಟಿದ್ದು ಕೊಳೆಯೋಕೆ ಶುರುವಾಗುತ್ತೆ. ಬೇಕಾಗಿರೋದು 10 ಪರ್ಸೆಂಟ್ ಫಾರ್ಮಲಿನ್, ಅದೂ ತುಂಡಿನ ಹತ್ತು ಪಟ್ಟಿನಷ್ಟು. ಅದು ಮಾಂಸದೊಳಗೆ ಇಳಿಯೋದು ಗಂಟೆಗೆ ಹೆಚ್ಚು ಕಡಿಮೆ 1 ಮಿಲಿಮೀಟರ್. ಅದಕ್ಕೇ ಬಂದ ತಕ್ಷಣ ನಾವು ಗರ್ಭಕೋಶವನ್ನು ಸೀಳಿ ಬಿಚ್ಚಿ ಇಡುತ್ತೇವೆ. ತಡವಾಗಿ ಬಂದರೆ ಒಳಪದರ ಆಗಲೇ ಕರಗಿರುತ್ತೆ, ಕ್ಯಾನ್ಸರ್ ಇದ್ದರೆ ಶುರುವಾಗುವ ಜಾಗಗಳಲ್ಲಿ ಅದೂ ಒಂದು. ಜೊತೆಗೆ ಬಂದ ಚೀಟಿಯಲ್ಲಿ ಹೆಸರು ಇರುತ್ತೆ, "ಗರ್ಭಕೋಶ" ಅಂತ ಇರುತ್ತೆ, ಅಷ್ಟೇ. ವಯಸ್ಸೆಷ್ಟು, ಮುಟ್ಟು ನಿಂತಿದೆಯಾ, ಯಾಕೆ ತೆಗೆದಿರಿ, ಏನೂ ಇಲ್ಲ.

ಇಷ್ಟಾದರೂ ಇದು ಲ್ಯಾಬಿಗೆ ಬಂದ ಡಬ್ಬಗಳ ಕಥೆ. ಬಾರದೇ ಹೋದವು ಎಷ್ಟೋ. ಆ ದುಡ್ಡು ಯಾಕೆ ದಂಡ ಅಂತ ಮನೆಯವರು ಬಿಟ್ಟಿದ್ದೂ ಇರುತ್ತೆ, ಬೇಕಿಲ್ಲ ಅಂತ ಆಸ್ಪತ್ರೆಯವರೇ ಹೇಳಿದ್ದೂ ಇರುತ್ತೆ.

ಮುಳಬಾಗಿಲು ಕಡೆಯ ಒಬ್ಬ ಅಮ್ಮ. ಟೊಮೆಟೊ ತೋಟದಲ್ಲಿ ಕೂಲಿ. ಬಿಳಿ ಸೆರಗು, ನಡುವೆ ನಡುವೆ ರಕ್ತ, ಗಂಡನ ಜೊತೆ ಸೇರಿದಾಗಲೂ ರಕ್ತ. ಈ ಕೊನೆಯದನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆಮೇಲೆ ಮೇಡಂ ಕೂರಿಸಿಕೊಂಡು ಕೇಳಿದಾಗ ಬಾಯಿಬಿಟ್ಟರು. ಒಂದು ನರ್ಸಿಂಗ್ ಹೋಂನಲ್ಲಿ (ಹೆಸರು ಹಾಕಲ್ಲ, ಕಾಮೆಂಟಲ್ಲಿ ಕೇಳಬೇಡಿ) ಸ್ಕ್ಯಾನ್ ಮಾಡಿ "ಗರ್ಭಕೋಶ ಕೆಟ್ಟಿದೆ" ಅಂದರು. ಒಳಗೆ ಅಗಲಿಸಿ ನೋಡುವ ಸ್ಪೆಕ್ಯುಲಮ್ ಹಾಕಿ ಕಣ್ಣಲ್ಲಿ ನೋಡಲಿಲ್ಲ, ಗರ್ಭಕೋಶದ ಬಾಯಿಂದ ಜೀವಕೋಶ ಸವರಿ ತೆಗೆದು ನೋಡುವ ಪ್ಯಾಪ್ ಸ್ಮಿಯರ್ ಮಾಡಲಿಲ್ಲ. ಆಪರೇಷನ್ ಆಯ್ತು. ಡಬ್ಬ ತಂದವನು ಮಗ.

"ಡಾಕ್ಟ್ರು ಇದೇನ್ ಬೇಕಾಗಿಲ್ಲ, ಕೊಡ್ಲೇಬೇಕು ಅಂದ್ರೆ ಕೊಡಿ ಅಂದ್ರು ಮೇಡಂ. ಸುಮ್ನೆ ಇರ್ಲಿ ಅಂತ ತಂದೆ," ಅಂದ.

ಆ ಹುಡುಗ ಸುಮ್ನೆ ಇರ್ಲಿ ಅಂತ ತಂದಿದ್ದಕ್ಕೆ ಗೊತ್ತಾಯಿತು. ಗರ್ಭಕೋಶದ ಬಾಯಲ್ಲಿ, ಅಂದರೆ ಪೇಪರಲ್ಲಿ ಗರ್ಭಕಂಠ ಅಂತ ಬರೀತಾರಲ್ಲ ಅಲ್ಲಿ, ಸ್ಕ್ವೇಮಸ್ ಸೆಲ್ ಕಾರ್ಸಿನೋಮ. ಕತ್ತರಿಸಿದ ಅಂಚಿನಲ್ಲೂ ಕ್ಯಾನ್ಸರ್. ಅಂದರೆ ಕತ್ತರಿ ಕ್ಯಾನ್ಸರ್‌ನ ಮಧ್ಯದಲ್ಲೇ ಹಾದುಹೋಗಿದೆ, ಉಳಿದರ್ಧ ಹೊಟ್ಟೆಯೊಳಗೇ ಇದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದ್ರೆ ಬಹಳ ಜನ "ತೆಗೆದಾಯ್ತಲ್ಲ, ಇನ್ನೇನು" ಅಂದುಕೊಳ್ಳುತ್ತಾರೆ. ಗಡ್ಡೆಗೋ ರಕ್ತಸ್ರಾವಕ್ಕೋ ಗರ್ಭಕೋಶ ತೆಗೆಯುವ ಆಪರೇಷನ್ನೇ ಬೇರೆ, ಗರ್ಭಕಂಠದ ಕ್ಯಾನ್ಸರ್‌ಗೆ ಮಾಡುವ ಆಪರೇಷನ್ನೇ ಬೇರೆ. ಮೊದಲನೆಯದರಲ್ಲಿ ಗರ್ಭಕೋಶವನ್ನು ಅದರ ಅಂಚಿಗೇ ಕತ್ತರಿಸಿ ತೆಗೆಯುತ್ತಾರೆ. ಎರಡನೆಯದು ರ‍್ಯಾಡಿಕಲ್. ಅದರಲ್ಲಿ ಎರಡೂ ಪಕ್ಕದ ಅಂಗಾಂಶ, ಯೋನಿಯ ಮೇಲಿನ ಭಾಗ, ಕೆಳಹೊಟ್ಟೆಯ ಲಿಂಫ್ ಗಂಟುಗಳು (ಕ್ಯಾನ್ಸರ್ ಹರಡುವ ಸಣ್ಣ ಗ್ರಂಥಿಗಳು) ಎಲ್ಲಾ ಸೇರಿಸಿ ತೆಗೆಯಬೇಕು. ಗರಿಕೆಯನ್ನು ಕುಡುಗೋಲಲ್ಲಿ ಕುಯ್ಯೋದಕ್ಕೂ ಬೇರು ಸಮೇತ ಅಗೆಯೋದಕ್ಕೂ ಇರುವಷ್ಟು ವ್ಯತ್ಯಾಸ. ಆ ಪಕ್ಕದ ಅಂಗಾಂಶದೊಳಗೇ, ಗರ್ಭಕಂಠದಿಂದ ಎರಡು ಸೆಂಟಿಮೀಟರ್ ಅಳತೆಯಲ್ಲಿ, ಕಿಡ್ನಿಯಿಂದ ಬರುವ ಮೂತ್ರನಾಳ ಹಾದುಹೋಗುತ್ತೆ. ಅದನ್ನು ಬಿಡಿಸಿಕೊಂಡು ಸುತ್ತಲಿನದನ್ನು ತೆಗೆಯಬೇಕು. ವಿಯೆನ್ನಾದಲ್ಲಿ ಅರ್ನ್ಸ್ಟ್ ವರ್ತೈಮ್ ಅನ್ನುವ ಸರ್ಜನ್ 1898ರಲ್ಲಿ ಶುರುಮಾಡಿದ ಆಪರೇಷನ್ ಇದು. ಆಮೇಲೆ 1921ರಲ್ಲಿ ಜಪಾನಿನ ಒಕಬಯಾಶಿ ಇನ್ನೂ ಅಗಲವಾಗಿ ತೆಗೆಯುವ ವಿಧಾನ ಬರೆದರು. ಮೂತ್ರಕೋಶದ ನರಗಳನ್ನು ಉಳಿಸಿಕೊಂಡು ಮಾಡುವ ಈಗಿನ ಪದ್ಧತಿಗೂ ಮೂಲ ಜಪಾನೇ. ನರಕ್ಕೆ ಪೆಟ್ಟಾದರೆ ಮೂತ್ರ ಬಂದಿದ್ದೇ ಗೊತ್ತಾಗಲ್ಲ, ಪೈಪ್ ಹಾಕಿಕೊಂಡೇ ಮನೆಗೆ ಹೋಗಬೇಕಾಗುತ್ತೆ. ಇದನ್ನು ಕಲಿಯೋಕೇ ಬೇರೆ ತರಬೇತಿ ಇದೆ, ಗೈನಿಕ್ ಆಂಕಾಲಜಿ ಅಂತ, ಹೆಂಗಸರ ಜನನಾಂಗದ ಕ್ಯಾನ್ಸರ್‌ಗಳ ವಿಭಾಗ. ನಮ್ಮೂರಿನ ಒಳ್ಳೆಯ ಹೆರಿಗೆ ಡಾಕ್ಟರ್‌ಗೆ ಇದು ಬರಲ್ಲ ಅಂದರೆ ಅವರಿಗೆ ಅವಮಾನ ಮಾಡಿದ ಹಾಗಲ್ಲ.

ಇನ್ನು ಅರ್ಧಂಬರ್ಧ ತೆಗೆದ ಮೇಲೆ ಏನಾಗುತ್ತೆ ನೋಡಿ. ಉಳಿದದ್ದಕ್ಕೆ ರೇಡಿಯೇಷನ್ ಕೊಡಬೇಕು, ನಮ್ಮ ಜನ ಕರೆಂಟ್ ಕೊಡೋದು ಅಂತಾರಲ್ಲ ಅದು. ಹೊರಗಿನಿಂದ ಕೊಡೋದರ ಜೊತೆಗೆ ಒಳಗಿನಿಂದಲೂ ಕೊಡಬೇಕು, ಬ್ರೇಕಿಥೆರಪಿ. ಗರ್ಭಕೋಶ ಇದ್ದಿದ್ದರೆ ಅದರ ಒಳಗೇ ಒಂದು ಸಣ್ಣ ಕೊಳವೆ ಇಟ್ಟು, ಕ್ಯಾನ್ಸರ್ ಇರುವಲ್ಲಿಗೇ ಜೋರಾಗಿ, ಕರುಳಿಗೂ ಮೂತ್ರಕೋಶಕ್ಕೂ ಕಡಿಮೆ ತಗಲುವ ಹಾಗೆ ಕೊಡಬಹುದಿತ್ತು. ಈಗ ಕೊಳವೆ ಇಡೋಕೆ ಗರ್ಭಕೋಶವೇ ಇಲ್ಲ. ಅದು ಇದ್ದ ಜಾಗಕ್ಕೆ ಕರುಳು ಇಳಿದು ಅಂಟಿಕೊಂಡಿರುತ್ತೆ, ಅದಕ್ಕೂ ಕರೆಂಟ್ ಬೀಳುತ್ತೆ. ಮೊದಲ ದಿನವೇ ಒಂದು ಚಿಟಿಕೆ ತುಂಡು ತೆಗೆದು ಬಯಾಪ್ಸಿ ಮಾಡಿದ್ದರೆ ಇಷ್ಟೆಲ್ಲಾ ತಪ್ಪುತ್ತಿತ್ತು. ಪ್ಯಾಪ್ ಸ್ಮಿಯರ್‌ಗೆ ಕೆಲವು ನೂರು ರೂಪಾಯಿ. ಆಪರೇಷನ್‌ಗೆ ಅವರು ಎಷ್ಟು ಸಾಲ ಮಾಡಿದ್ದರು ಅಂತ ನಾನು ಬರೆಯಲ್ಲ.

ಇದಕ್ಕೆ ತಿರುಗಾ ಮುರುಗಾ ಇನ್ನೊಂದು ಕಥೆ ಇದೆ. ಬೆಂಗಳೂರಿಗೆ ಹೋಗಿ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಎಲ್ಲಾ ಪರೀಕ್ಷೆ ಮುಗಿಸಿದ ಮೇಲೆ "ಆಪರೇಷನ್ ಬೇಡ, ರೇಡಿಯೇಷನ್ ಸಾಕು" ಅಂದರೆ ನಮ್ಮವರು ಅಳೋಕೆ ಶುರು ಮಾಡುತ್ತಾರೆ. ಕೈಬಿಟ್ಟರು ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಕೆಲವರು ವಾಪಸ್ ಊರಿಗೆ ಬಂದು "ಯಾರಾದ್ರೂ ಆಪರೇಷನ್ ಮಾಡೋರು ಇದ್ದಾರಾ" ಅಂತ ಹುಡುಕುತ್ತಾರೆ, ದುರದೃಷ್ಟಕ್ಕೆ ಯಾರೋ ಒಬ್ಬರು ಸಿಕ್ಕಿಯೂ ಬಿಡುತ್ತಾರೆ! ದಯವಿಟ್ಟು ಇದನ್ನು ಮಾಡಬೇಡಿ. ಗರ್ಭಕಂಠದ ಕ್ಯಾನ್ಸರ್ ಸಣ್ಣದಿದ್ದು, ಅಲ್ಲಲ್ಲೇ ಇದ್ದರೆ, ದಾಟಬಾರದ ಗೆರೆ ಸುಮಾರು 4 ಸೆಂಟಿಮೀಟರ್, ಆಗ ಆಪರೇಷನ್ ಒಳ್ಳೆಯ ದಾರಿ. ಅದಕ್ಕಿಂತ ದೊಡ್ಡದಾದರೆ, ಪಕ್ಕಕ್ಕೆ ಹಬ್ಬಿದರೆ, ಕೀಮೋ ಜೊತೆ ರೇಡಿಯೇಷನ್ನೇ ಮುಖ್ಯ ಚಿಕಿತ್ಸೆ. ಇದು ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿ ನೋಡಿದ ವಿಷಯ. ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 635 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲು ಕೀಮೋ ಕೊಟ್ಟು ಆಮೇಲೆ ಆಪರೇಷನ್. ಇನ್ನೊಂದಕ್ಕೆ ಕೀಮೋ ಮತ್ತು ರೇಡಿಯೇಷನ್ ಒಟ್ಟಿಗೆ, ಆಪರೇಷನ್ ಇಲ್ಲ. ಫಲಿತಾಂಶ 2018ರಲ್ಲಿ ಬಂತು. ಐದು ವರ್ಷಕ್ಕೆ ಕಾಯಿಲೆ ಇಲ್ಲದೆ ಇದ್ದವರು ಆಪರೇಷನ್ ಗುಂಪಲ್ಲಿ 69.3 ಪರ್ಸೆಂಟ್, ರೇಡಿಯೇಷನ್ ಗುಂಪಲ್ಲಿ 76.7. ಆಪರೇಷನ್ ಮಾಡಿಸಿಕೊಂಡವರದೇ ಕಡಿಮೆ.

ಮೊದಲ ಹಂತದವರಲ್ಲೂ ಇಟಲಿಯವರು 1997ರಲ್ಲಿ ಆಪರೇಷನ್ನೋ ರೇಡಿಯೇಷನ್ನೋ ಅಂತ ಹೋಲಿಸಿ ನೋಡಿದ್ದರು. ಬದುಕುಳಿದವರ ಲೆಕ್ಕ ಎರಡರಲ್ಲೂ ಒಂದೇ, 83 ಪರ್ಸೆಂಟ್. ಆದರೆ ಎರಡನ್ನೂ ಮಾಡಿಸಿಕೊಳ್ಳಬೇಕಾಗಿ ಬಂದವರು ಜಾಸ್ತಿ ಒದ್ದಾಡಿದರು. ಅದಕ್ಕೇ ದೊಡ್ಡ ಆಸ್ಪತ್ರೆಯವರು ಸ್ಕ್ಯಾನ್, ಬಯಾಪ್ಸಿ ಅಂತ ಅಷ್ಟು ದಿನ ಓಡಾಡಿಸೋದು. ಯಾವುದಾದರೂ ಒಂದರಲ್ಲೇ ಮುಗಿಸಬೇಕು ಅಂತ. ನಮಗೆ ಅದು ಕಾಲಹರಣ ಅನ್ನಿಸುತ್ತೆ, ನಾಳೆಯೇ ಟೇಬಲ್ ಹತ್ತಿಸುವವರು ಚುರುಕು ಅನ್ನಿಸುತ್ತೆ.

ಈಗ ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್ ವಿಷಯ. ಊರ ತುಂಬಾ ಬೋರ್ಡು. ಹೊಲಿಗೆ ಇಲ್ಲ, ನೋವಿಲ್ಲ, ಮೂರೇ ದಿನದಲ್ಲಿ ಮನೆಗೆ. ರೋಬೋಟ್ ಅಂದರೆ ಇನ್ನೂ ದೊಡ್ಡದು. ನಾನೂ ಸಣ್ಣ ತೂತಿನ ಆಪರೇಷನ್ ಎಲ್ಲಾ ಕಡೆ ಒಳ್ಳೆಯದೇ ಅಂದುಕೊಂಡಿದ್ದವನೇ, ಎಲ್ಲರ ಹಾಗೆ. ಆದರೆ 2018ರಲ್ಲಿ ಲ್ಯಾಕ್ ಅನ್ನುವ ಟ್ರಯಲ್ ಫಲಿತಾಂಶ ಬಂದಾಗ ಪ್ರಪಂಚದ ಗೈನಿಕ್ ಸರ್ಜನ್‌ಗಳೇ ಬೆಚ್ಚಿಬಿದ್ದರು. ಮೊದಲ ಹಂತದ ಗರ್ಭಕಂಠದ ಕ್ಯಾನ್ಸರ್ ಇದ್ದ 631 ಜನ, ಅರ್ಧ ಜನಕ್ಕೆ ಹೊಟ್ಟೆ ಕೊಯ್ದು ರ‍್ಯಾಡಿಕಲ್ ಆಪರೇಷನ್, ಅರ್ಧ ಜನಕ್ಕೆ ಅದನ್ನೇ ಲ್ಯಾಪ್ರೋಸ್ಕೋಪ್ ಅಥವಾ ರೋಬೋಟ್‌ನಲ್ಲಿ. ನಾಲ್ಕೂವರೆ ವರ್ಷಕ್ಕೆ ಕಾಯಿಲೆ ಇಲ್ಲದವರು ಹೊಟ್ಟೆ ಕೊಯ್ದವರಲ್ಲಿ 96.5 ಪರ್ಸೆಂಟ್, ತೂತಿನವರಲ್ಲಿ 86. ಸಾವೂ ತೂತಿನವರಲ್ಲೇ ಜಾಸ್ತಿ. ಎಲ್ಲರೂ ಉಲ್ಟಾ ಅಥವಾ ಸಮ ಬರುತ್ತೆ ಅಂದುಕೊಂಡಿದ್ದರು. ಯಾಕೆ ಹೀಗೆ ಅನ್ನೋದಕ್ಕೆ ಗರ್ಭಕೋಶ ಆಡಿಸೋಕೆ ಒಳಗೆ ಹಾಕುವ ಸಾಧನ, ಹೊಟ್ಟೆಗೆ ತುಂಬುವ ಗ್ಯಾಸ್ ಅಂತ ಹಲವು ಅನುಮಾನಗಳಿವೆ. ಅಂತೂ ಅಲ್ಲಿಂದ ಈಚೆಗೆ ಈ ಕ್ಯಾನ್ಸರ್‌ಗೆ ಹೊಟ್ಟೆ ಕೊಯ್ದು ಮಾಡೋದೇ ಸರಿ ಅಂತ ಮಾರ್ಗಸೂಚಿಗಳೇ ಬದಲಾದವು.

ಹಾಗಂತ ಲ್ಯಾಪ್ರೋಸ್ಕೋಪಿ ಕೆಟ್ಟದ್ದು ಅಂತ ಹೊರಟುಬಿಡಬೇಡಿ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಇದೆಯಲ್ಲ, ಮುಟ್ಟು ನಿಂತವರಿಗೆ, ಸಕ್ಕರೆ ಕಾಯಿಲೆ ಇದ್ದು ಮೈ ಭಾರ ಇರುವವರಿಗೆ ಜಾಸ್ತಿ ಬರೋದು, ಅದಕ್ಕೆ ಸಣ್ಣ ತೂತಿನ ಆಪರೇಷನ್ನೇ ಒಳ್ಳೆಯದು. ಬದುಕುಳಿಯುವುದರಲ್ಲಿ ಕಡಿಮೆ ಏನಿಲ್ಲ, ಗಾಯ ಬೇಗ ಮಾಯುತ್ತೆ. ಹಸಿರು ಬಣ್ಣದ ಡೈ ಚುಚ್ಚಿ, ವಿಶೇಷ ಕ್ಯಾಮೆರಾದಲ್ಲಿ ಹೊಳೆಯುವ ಮೊದಲ ಲಿಂಫ್ ಗಂಟನ್ನು ಮಾತ್ರ ತೆಗೆದು ನೋಡುವ ಪದ್ಧತಿಯೂ ಬಂದಿದೆ, ಎಲ್ಲಾ ಗಂಟು ಕಿತ್ತು ಆಮೇಲೆ ಕಾಲು ಊದಿಸಿಕೊಳ್ಳಬೇಕಾಗಿಲ್ಲ. ಒಂದೇ ಅಂಗ, ಎರಡು ಕಡೆ ಕ್ಯಾನ್ಸರ್, ಎರಡಕ್ಕೂ ಬೇರೆ ಬೇರೆ ನ್ಯಾಯ. ಯಾವ ಕಡೆಯದು ಅಂತ ಮೊದಲೇ ಗೊತ್ತಿಲ್ಲದೆ ಯಾವ ಆಪರೇಷನ್ ಅಂತ ಹೇಗೆ ಹೇಳ್ತೀರಿ?

ಈ ಒಳಪದರದ ಕ್ಯಾನ್ಸರ್ ಒಂದು ರೀತಿಯಲ್ಲಿ ಪ್ರಾಮಾಣಿಕ ಕಾಯಿಲೆ. ಮುಂಚೆಯೇ ರಕ್ತ ತೋರಿಸಿ ಹೇಳುತ್ತೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ನೋಡಿಸಬೇಕು. ಹಾಗೆ ರಕ್ತ ಕಂಡ ನೂರು ಜನರಲ್ಲಿ ಸುಮಾರು 9 ಜನಕ್ಕೆ ಕ್ಯಾನ್ಸರ್ ಇರುತ್ತೆ, ಉಳಿದವರಿಗೆ ಇರಲ್ಲ. ಆ ಒಂಬತ್ತು ಯಾರು ಅಂತ ಹೇಳೋದು ಒಳಪದರದ ಬಯಾಪ್ಸಿ, ಹೊರರೋಗಿ ವಿಭಾಗದಲ್ಲೇ ಸಣ್ಣ ಕೊಳವೆಯಲ್ಲಿ ಎಳೆದು ತೆಗೆಯಬಹುದು. "ವಯಸ್ಸಾದ ಮೇಲೆ ಮತ್ತೆ ಹೊರಗಾಗಿದ್ದೀನಿ, ಯಾರಿಗೆ ಹೇಳಲಿ ನಾಚಿಕೆ" ಅಂತ ಸುಮ್ಮನಿರುವ ಅಜ್ಜಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸೊಸೆಯರೇ, ನೀವೇ ಕೇಳಬೇಕು ಕಣ್ರೀ, ಅವರು ಹೇಳಲ್ಲ.

ಅಂಡಾಶಯದ್ದು ಇದಕ್ಕೆ ಪೂರ್ತಿ ಉಲ್ಟಾ. ಹೊಟ್ಟೆ ಉಬ್ಬರ, ಗ್ಯಾಸು, ಊಟ ಸೇರಲ್ಲ ಅಂತ ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ತಿಂಗಳು ಕಳೆಯುತ್ತೆ. ಆಮೇಲೆ ಸ್ಕ್ಯಾನ್‌ನಲ್ಲಿ ಗಡ್ಡೆ. ಇಲ್ಲೂ ಅದೇ ಅವಸರ, "ನೀರುಗುಳ್ಳೆ, ಚುಚ್ಚಿ ನೀರು ತೆಗೆದು ಸಣ್ಣ ತೂತಲ್ಲಿ ಈಚೆಗೆ ಎಳೀತೀವಿ". ಅದು ಕ್ಯಾನ್ಸರ್ ಆಗಿದ್ದರೆ? ಕ್ಯಾನ್ಸರ್ ಒಂದೇ ಅಂಡಾಶಯದೊಳಗಿದ್ದು, ಚೀಲ ಒಡೆಯದೆ ಇಡಿಯಾಗಿ ತೆಗೆದರೆ ಅದು 1ಎ, ಅತಿ ಮೊದಲ ಹಂತ. ಆಪರೇಷನ್ ಮಾಡುವಾಗ ಒಡೆದರೆ ಅಲ್ಲೇ, ಟೇಬಲ್ ಮೇಲೇ, ಅದು 1ಸಿ ಆಗುತ್ತೆ, ಎಷ್ಟೋ ಜನಕ್ಕೆ ತಪ್ಪಬಹುದಾಗಿದ್ದ ಕೀಮೋ ತಪ್ಪದ ಹಾಗಾಗುತ್ತೆ. ಸ್ಕ್ಯಾನ್‌ನಲ್ಲಿ ಗಡ್ಡೆಯೊಳಗೆ ಗಟ್ಟಿ ಭಾಗ ಇದೆ ಅಂತ ಬರೆದಿದ್ದರೆ, ಸಿಎ-125 ರಕ್ತ ಪರೀಕ್ಷೆ ಜಾಸ್ತಿ ಬಂದಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಯಾರ ಕೈಗೂ ಚುಚ್ಚೋಕೆ ಕೊಡಬೇಡಿ, ಕ್ಯಾನ್ಸರ್ ಸರ್ಜನ್ ಹತ್ತಿರ ಹೋಗಿ. ಹಬ್ಬಿದ್ದರೆ ಆಪರೇಷನ್ ಗಂಟೆಗಟ್ಟಲೆ ನಡೆಯುತ್ತೆ. ಗರ್ಭಕೋಶ, ಎರಡೂ ಅಂಡಾಶಯ, ಕರುಳಿನ ಮುಂದೆ ಇಳಿಬಿದ್ದಿರುವ ಒಮೆಂಟಮ್ ಅನ್ನುವ ಕೊಬ್ಬಿನ ಪದರ, ಬೇಕಾದರೆ ಕರುಳಿನ ತುಂಡು. ಕಣ್ಣಿಗೆ ಕಾಣುವ ಒಂದು ಕಾಳೂ ಉಳಿಯಬಾರದು, ರೋಗಿಯ ಆಯಸ್ಸು ಬಹಳ ಮಟ್ಟಿಗೆ ಅದರ ಮೇಲೇ ನಿಂತಿದೆ. ಚೆನ್ನಾಗಿಯೇ ಕಾಣುವ ಲಿಂಫ್ ಗಂಟುಗಳನ್ನು ಮಾತ್ರ ಸುಮ್ನೆ ತೆಗೆಯಬೇಕಾಗಿಲ್ಲ, 2019ರ ಲಯನ್ ಟ್ರಯಲ್‌ನಲ್ಲಿ ಅದರಿಂದ ಲಾಭ ಕಾಣಲಿಲ್ಲ, ತೊಂದರೆ ಜಾಸ್ತಿ ಆಯ್ತು.

ಒಂದು ಕಡೆ ಪ್ರಪಂಚದ ಸರ್ಜನ್‌ಗಳು ಎಷ್ಟು ಕಡಿಮೆ ತೆಗೆದರೆ ಸಾಕು ಅಂತ ಲೆಕ್ಕ ಹಾಕುತ್ತಿದ್ದಾರೆ. ಮಗು ಬೇಕು ಅನ್ನುವ ಹುಡುಗಿಯರಿಗೆ ಗರ್ಭಕೋಶ ಉಳಿಸಿ ಅದರ ಬಾಯಿಯನ್ನಷ್ಟೇ ತೆಗೆಯುವ ಆಪರೇಷನ್ನನ್ನು ಫ್ರಾನ್ಸಿನ ಡಾರ್ಜಾನ್ 1994ರಲ್ಲೇ ತೋರಿಸಿದ್ದರು. 2 ಸೆಂಟಿಮೀಟರ್ ಒಳಗಿನ, ಅಪಾಯ ಕಡಿಮೆ ಇರುವ ಗರ್ಭಕಂಠದ ಕ್ಯಾನ್ಸರ್‌ಗೆ ರ‍್ಯಾಡಿಕಲ್ ಬೇಡ, ಸಾದಾ ಆಪರೇಷನ್ ಸಾಕು ಅಂತ 2024ರಲ್ಲಿ ಶೇಪ್ ಟ್ರಯಲ್ ಹೇಳಿತು. ಗಮನಿಸಿ, ಇದು ಮೊದಲೇ ಬಯಾಪ್ಸಿ, ಸ್ಕ್ಯಾನ್ ಮಾಡಿ ಅಳತೆ ಹಿಡಿದು ಆರಿಸಿದವರಿಗೆ. "ಸಾದಾ ಸಾಕು ಅಂತ ಅಮೆರಿಕದಲ್ಲೇ ಹೇಳಿದ್ದಾರೆ" ಅಂತ ಯಾರಾದರೂ ಪರೀಕ್ಷೆ ಇಲ್ಲದೆ ಕೊಯ್ಯೋಕೆ ನೆಪ ಮಾಡಿಕೊಂಡರೆ ನಂಬಬೇಡಿ. ಇನ್ನೊಂದು ಕಡೆ ನಮ್ಮಲ್ಲಿ ಮೂವತ್ತೈದರ ಹೆಂಗಸಿಗೆ ಬಿಳಿ ಸೆರಗಿಗೆ ಗರ್ಭಕೋಶ ತೆಗೆದು, "ಇರಲಿ" ಅಂತ ಎರಡೂ ಅಂಡಾಶಯ ತೆಗೆದು ಕಳಿಸಿರುತ್ತಾರೆ. ಡಬ್ಬದಲ್ಲಿ ನೋಡಿದರೆ ಮೂರೂ ಚೆನ್ನಾಗಿಯೇ ಇರುತ್ತವೆ. ಆಕೆಗೆ ಅವತ್ತಿಂದಲೇ ಮುಪ್ಪು ಶುರು, ಮೂಳೆ ಸವೆತ, ಮೈ ಉರಿ. ಇಂಥದ್ದು ಹೆಚ್ಚಾಗಿದ್ದಕ್ಕೇ ವಿಷಯ ಸುಪ್ರೀಂ ಕೋರ್ಟ್ ತನಕ ಹೋಗಿದ್ದು, ಬೇಡದ ಗರ್ಭಕೋಶ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಅಂತ 2023ರಲ್ಲಿ ಎಲ್ಲಾ ರಾಜ್ಯಗಳಿಗೆ ಹೇಳಿದ್ದು. ಮೂರು ತಿಂಗಳು ಕಳೆದು ಎಷ್ಟಾಯ್ತು, ನೀವೇ ನೋಡ್ತಿದ್ದೀರಿ.

ಡಾಕ್ಟರ್ ಸ್ನೇಹಿತರು ಇಷ್ಟೊತ್ತಿಗೆ ಫೋನ್ ಎತ್ತಿರುತ್ತಾರೆ. ಅವರ ಮಾತಲ್ಲೂ ನಿಜ ಇದೆ. ಬಯಾಪ್ಸಿ ಬರೆದುಕೊಟ್ಟರೆ ಜನ ಮತ್ತೆ ಬರಲ್ಲ, ಪಕ್ಕದ ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ಒಳಗೆ ಕೈ ಹಾಕಿ ನೋಡ್ತೀವಿ ಅಂದರೆ "ಬರೀ ಸ್ಕ್ಯಾನ್ ಮಾಡಿ ಸಾರ್" ಅಂತಾರೆ. ತೋಟದ ಕೆಲಸ ಬಿಟ್ಟು ಮೂರು ಸಲ ಬರೋಕೆ ಆಗಲ್ಲ, ಒಂದೇ ಸಲ ಮುಗಿಸಿಬಿಡಿ ಅನ್ನೋದು ಹೆಂಗಸರದ್ದೇ ಒತ್ತಾಯ. ಬೆಂಗಳೂರು ಅಂದರೆ ಜೊತೆಗೆ ಒಬ್ಬರು ಬೇಕು, ಉಳಿಯೋಕೆ ಜಾಗ ಬೇಕು, ಹಸುಗಳನ್ನು ನೋಡಿಕೊಳ್ಳೋರು ಬೇಕು. ಎಲ್ಲಾ ಒಪ್ಪುತ್ತೇನೆ. ಆದರೂ ಅವಸರದ ಬಿಲ್ಲು ಕೊನೆಗೆ ಕಟ್ಟೋದು ಆ ಹೆಂಗಸೇ ಅಲ್ವಾ? ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಲೆಟರ್ ತೆಗೆದುಕೊಂಡೇ ಹೋಗಿ.

ಈಗಾಗಲೇ ಆಪರೇಷನ್ ಆಗಿದ್ದು, ರಿಪೋರ್ಟಲ್ಲಿ ಕ್ಯಾನ್ಸರ್ ಅಂತ ಬಂದಿದ್ದರೆ, ನನ್ನ ಕೆಲಸಕ್ಕೆ ಸಂಬಂಧಪಟ್ಟ ಒಂದು ಮಾತು. ರಿಪೋರ್ಟ್ ಕಾಗದ ಒಂದನ್ನೇ ಹಿಡಿದುಕೊಂಡು ಬೆಂಗಳೂರು ಬಸ್ ಹತ್ತಬೇಡಿ. ಅಲ್ಲಿನ ಪೆಥಾಲಜಿಸ್ಟ್ ತಮ್ಮ ಕಣ್ಣಲ್ಲೇ ಇನ್ನೊಂದು ಸಲ ನೋಡಬೇಕು ಅಂತಾರೆ, ಬರಿಗೈಲಿ ಹೋದರೆ ವಾಪಸ್ ಕಳಿಸುತ್ತಾರೆ. ಲ್ಯಾಬಿಗೆ ಬಂದು ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಕೇಳಿ, ಒಂದು ಅರ್ಜಿ ಬರೆದುಕೊಟ್ಟರೆ ಸಾಕು. ಏನು ಆಪರೇಷನ್ ಮಾಡಿದರು, ಒಳಗೆ ಏನು ಕಂಡಿತು ಅಂತ ಸರ್ಜನ್ ಬರೆದ ಚೀಟಿಯನ್ನೂ ಡಿಸ್ಚಾರ್ಜ್ ಸಮ್ಮರಿ ಜೊತೆ ಕೇಳಿ ಪಡೆಯಿರಿ. ಸ್ಲೈಡ್ ಗಾಜು, ಬಟ್ಟೆ ಸುತ್ತಿ ಡಬ್ಬದಲ್ಲಿಡಿ. ಬ್ಲಾಕ್ ಮೇಣ, ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಊಟಕ್ಕೆ ಇಳೀಬೇಡಿ, ಕರಗುತ್ತೆ.